ಓವರ್‌ಸ್ಪೀಡ್ ಪಟ್ಟಿಯನ್ನು ಓದುವುದು ಹೇಗೆ?

ಕಂಪನಿಯ ಗಾಡಿಗಳ ಓಟವನ್ನು ಜಿಪಿಎಸ್ ಮೂಲಕ ತೋರಿಸುವ ಫ್ಲೀಟ್ ಡ್ಯಾಶ್‌ಬೋರ್ಡ್‌ನ ಮೊದಲ ವಾರದ ವರದಿ ಕೈಗೆ ಬಂದ ಕೂಡಲೇ ಹೆಚ್ಚಿನ ಮ್ಯಾನೇಜರ್‌ಗಳು ಓವರ್‌ಸ್ಪೀಡ್ ಕಾಲಂ ಮೇಲೆ ಒತ್ತಿ, ಹೆಚ್ಚು ಸಲ ಮಿತಿ ಮೀರಿದವರ ಹೆಸರು ಮೇಲೆ ಬರುವಂತೆ ಜೋಡಿಸುತ್ತಾರೆ. ಮೊದಲ ನಾಲ್ಕೈದು ಹೆಸರುಗಳಿಗೆ ಫೋನ್ ಹೋಗುತ್ತದೆ, ಬೈಗುಳವೂ ಆಗುತ್ತದೆ. ಇದು ತಪ್ಪು ದಾರಿ. ಹಾಗೆ ಮೇಲೆ ಬಂದವರು ಅನೇಕ ಸಲ ಅತಿ ವೇಗದವರಲ್ಲ, ಅತಿ ಹೆಚ್ಚು ಕಿಲೋಮೀಟರ್ ಓಡಿಸಿದವರು.

ಒಬ್ಬ ಚಾಲಕ ವಾರದಲ್ಲಿ 4000 ಕಿ.ಮೀ. ಓಡಿಸಿ 20 ಸಲ ಮಿತಿ ಮೀರಿದ್ದಾನೆ ಎನ್ನೋಣ. ಇನ್ನೊಬ್ಬ 600 ಕಿ.ಮೀ. ಓಡಿಸಿ 9 ಸಲ ಮೀರಿದ್ದಾನೆ. ಪಟ್ಟಿಯಲ್ಲಿ ಮೊದಲನೆಯವನೇ ಮೇಲಿರುತ್ತಾನೆ. ಆದರೆ 100 ಕಿ.ಮೀ.ಗೆ ಲೆಕ್ಕ ಹಾಕಿದರೆ ಅವನದು 0.5, ಎರಡನೆಯವನದು 1.5. ಮಾತಾಡಬೇಕಾದದ್ದು ಎರಡನೆಯವನ ಜೊತೆ. ಆದ್ದರಿಂದ ವರದಿಯಲ್ಲಿ ಮೊದಲು ಬೇಕಾದ ಕಾಲಂ 100 ಕಿ.ಮೀ.ಗೆ ಎಷ್ಟು ಸಲ ಎಂಬುದು.

ಎಷ್ಟು ಸಲ ಎಂಬುದರ ಜೊತೆಗೆ ಎಷ್ಟು ಮೀರಿದ ಎಂಬುದೂ ಬೇಕು. ಗಾಡಿಯ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಶೇ. 25ರಷ್ಟು, ಶಕ್ತಿ ಮಾತ್ರ ಶೇ. 56ರಷ್ಟು. ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲುವವರೆಗೆ ಸಾಗುವ ದೂರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಅಪಾಯ ಸುಮಾರು ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿರುವಾಗ ಮಿತಿಗಿಂತ 4 ಕಿ.ಮೀ. ಹೆಚ್ಚು ಹೋದದ್ದನ್ನೂ 25 ಕಿ.ಮೀ. ಹೆಚ್ಚು ಹೋದದ್ದನ್ನೂ ಒಂದೇ ಕೆಂಪು ಚುಕ್ಕಿಯಾಗಿ ತೋರಿಸುವ ವರದಿ ಅಪಾಯವನ್ನೇ ಮರೆಮಾಚುತ್ತದೆ. ಕನಿಷ್ಠ ಮೂರು ಹಂತ ಮಾಡಿ: ಮಿತಿಗಿಂತ 10 ಕಿ.ಮೀ.ವರೆಗೆ, 10ರಿಂದ 20, 20ಕ್ಕಿಂತ ಮೇಲೆ. ಮೂರನೆಯ ಹಂತದಲ್ಲಿ ಬಂದದ್ದನ್ನು ವಾರದ ವರದಿಗೆ ಕಾಯದೆ ಅವತ್ತೇ ನೋಡಬೇಕು.

ಇನ್ನು ನಾನು ಹೆಚ್ಚು ಹೊತ್ತು ಕಳೆಯುವ ಜಾಗಕ್ಕೆ ಬರುತ್ತೇನೆ. ವರದಿಯ ಒಂದು ಸಾಲು ಹೀಗಿರುತ್ತದೆ: ಮಿತಿ 40, ವೇಗ 76, ಅವಧಿ 50 ಸೆಕೆಂಡ್. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆ ಸಾಲನ್ನು ತೆರೆದು ಹತ್ತು ಹತ್ತು ಸೆಕೆಂಡಿನ ಬಿಂದುಗಳನ್ನು, ಅಂದರೆ ಗಾಡಿ ಎಲ್ಲಿ ಎಷ್ಟು ವೇಗದಲ್ಲಿತ್ತು ಎಂಬ ದಾಖಲೆಗಳನ್ನು ನೋಡಿ. 75, 76, 76, 74, 75. ಹಿಂದಿನ ಬಿಂದುಗಳೂ ಮುಂದಿನವೂ 80ರ ಮಿತಿಯ ಹೆದ್ದಾರಿಯಲ್ಲೇ ಇವೆ. ಎಲ್ಲೂ ವೇಗ ಇಳಿದಿಲ್ಲ, ದಿಕ್ಕು ಬದಲಾಗಿಲ್ಲ. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದು ಮತ್ತೆ ಹತ್ತಿದ ಗಾಡಿ ಹೀಗೆ ಓಡಲು ಸಾಧ್ಯವೇ ಇಲ್ಲ. ಜಿಪಿಎಸ್ ಬಿಂದು ಕೆಲವು ಮೀಟರ್ ಪಕ್ಕಕ್ಕೆ ಸರಿದಿದೆ, ಸಾಫ್ಟ್‌ವೇರ್ ಅದನ್ನು ಪಕ್ಕದ ರಸ್ತೆಗೆ ಅಂಟಿಸಿ ಆ ರಸ್ತೆಯ ಮಿತಿಯನ್ನು ಹಚ್ಚಿದೆ. ಫ್ಲೈಓವರ್ ಮತ್ತು ಅದರ ಕೆಳಗಿನ ರಸ್ತೆಯಲ್ಲೂ ಇದೇ ಆಗುತ್ತದೆ. ಹಿಡಿಯುವುದು ಸುಲಭ: ಎಲ್ಲ ಚಾಲಕರ ಮಿತಿ ಮೀರಿದ ಘಟನೆಗಳನ್ನು ಒಂದೇ ನಕ್ಷೆಯ ಮೇಲೆ ಹಾಕಿ. ಹತ್ತಾರು ಗಾಡಿಗಳು ಒಂದೇ ನೂರು ಮೀಟರ್‌ನಲ್ಲಿ ತಪ್ಪಿತಸ್ಥರಾಗಿದ್ದರೆ ಮೊದಲು ನಕ್ಷೆಯ ಮಿತಿಯನ್ನು ಅನುಮಾನಿಸಿ, ಅಲ್ಲಿ ನೆಟ್ಟಿರುವ ಫಲಕದ ಫೋಟೊ ತರಿಸಿ ನೋಡಿ, ಆಮೇಲೆ ಚಾಲಕರ ಮಾತು.

ವೇಗವನ್ನು ಗಾಡಿಯಲ್ಲಿರುವ ಜಿಪಿಎಸ್ ಸಾಧನ ಹೇಗೆ ಅಳೆಯುತ್ತದೆ ಎಂದೂ ಕೇಳಿ ತಿಳಿದುಕೊಳ್ಳಿ. ಉಪಗ್ರಹ ಸಂಕೇತದ ಡಾಪ್ಲರ್ ಬದಲಾವಣೆಯಿಂದ (ಚಲನೆಯಿಂದ ಸಂಕೇತದ ಆವರ್ತನದಲ್ಲಿ ಆಗುವ ವ್ಯತ್ಯಾಸದಿಂದ) ಬರುವ ವೇಗ ತೆರೆದ ಬಯಲಿನಲ್ಲಿ ಬಹಳ ನಂಬಿಕಸ್ಥ. ಎರಡು ಬಿಂದುಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ತೆಗೆದ ವೇಗ ಹಾಗಲ್ಲ. ಎತ್ತರದ ಕಟ್ಟಡಗಳ ನಡುವೆ ಒಂದು ಬಿಂದು ಹಾರಿದರೆ ಸಾಕು, ಸಿಗ್ನಲ್‌ನಲ್ಲಿ ನಿಂತ ಗಾಡಿ 140ರಲ್ಲಿ ಓಡಿದಂತೆ ಕಾಣುತ್ತದೆ. ಸಾಧನ ಎಷ್ಟು ಹೊತ್ತಿಗೊಮ್ಮೆ ಬಿಂದು ಕಳಿಸುತ್ತದೆ ಎಂಬುದೂ ಮುಖ್ಯ. 90ರಲ್ಲಿ ಹೋಗುವ ಗಾಡಿ ಒಂದು ನಿಮಿಷದಲ್ಲಿ ಒಂದೂವರೆ ಕಿಲೋಮೀಟರ್ ದಾಟುತ್ತದೆ. ನಿಮಿಷಕ್ಕೊಂದು ಬಿಂದು ಬಂದರೆ ಶಾಲೆಯ ಮುಂದಿನ ರಸ್ತೆ ವರದಿಯಲ್ಲಿ ಇರುವುದೇ ಇಲ್ಲ.

"ನನ್ನ ಮೀಟರ್‌ನಲ್ಲಿ ಅಷ್ಟು ತೋರಿಸಲೇ ಇಲ್ಲ ಸಾರ್" ಎಂಬ ಮಾತು ಪ್ರತಿ ಫ್ಲೀಟ್‌ನಲ್ಲೂ ಕೇಳಿಬರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಸ್ವಲ್ಪ ಹೆಚ್ಚು ತೋರಿಸಬಹುದು. ಹಾಗಾಗಿ ಆ ನಿಯಮಕ್ಕೆ ತಕ್ಕಂತೆ ತಯಾರಾದ ಗಾಡಿಯಲ್ಲಿ ಜಿಪಿಎಸ್ 90 ಅಂದಾಗ ಮೀಟರ್ ಸಾಮಾನ್ಯವಾಗಿ 90 ದಾಟಿರುತ್ತದೆ. ಟೈರ್ ಅಳತೆ ಬದಲಿಸಿದ್ದರೆ ಮಾತು ಬೇರೆ, ಅದನ್ನು ಪರೀಕ್ಷಿಸಲೇಬೇಕು.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವ ಘಟನೆಗಳೇ ನಿಜವಾದ ಅತಿವೇಗ. ಆಗ ಚಾಲಕನ ಹೆಸರಿನ ಬದಲು ಟ್ರಿಪ್‌ನ ಹೆಸರಿನಡಿ ಅವನ್ನು ಜೋಡಿಸಿ ನೋಡಿ. ಚಾಲಕ ಬದಲಾದರೂ ಅದೇ ಟ್ರಿಪ್‌ನ ಕೊನೆಯ ಭಾಗದಲ್ಲಿ ವೇಗ ಏರುತ್ತಿದ್ದರೆ ತಪ್ಪು ವೇಳಾಪಟ್ಟಿಯಲ್ಲಿದೆ. ಲೋಡಿಂಗ್ ಗೇಟ್‌ನಲ್ಲಿ ಗಾಡಿ ನಲವತ್ತು ನಿಮಿಷ ನಿಂತಿರುತ್ತದೆ, ತಲುಪುವ ಸಮಯ ಮಾತ್ರ ಹಾಗೇ ಇರುತ್ತದೆ. ಆ ನಲವತ್ತು ನಿಮಿಷವನ್ನು ರಸ್ತೆಯ ಮೇಲೆ ಗಳಿಸಲು ಆಗುವುದೇ ಇಲ್ಲ. 100 ಕಿ.ಮೀ. ದಾರಿಯನ್ನು 80ರ ಬದಲು 90ರಲ್ಲಿ ಉದ್ದಕ್ಕೂ ಓಡಿಸಿದರೂ ಉಳಿಯುವುದು ಎಂಟು ನಿಮಿಷ ಚಿಲ್ಲರೆ. ಅದೂ ಎಲ್ಲೂ ನಿಲ್ಲದೆ ಹೋದರೆ. ಈ ಲೆಕ್ಕವನ್ನು ಚಾಲಕರಿಗಿಂತ ಮೊದಲು ಟ್ರಿಪ್ ಹಾಕುವವರ ಮುಂದೆ ಇಡಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ. ಗೇಟ್‌ನಿಂದ ಹೊರಬಿದ್ದ ಸಮಯವೇ ಟ್ರಿಪ್‌ನ ಆರಂಭ ಎಂದು ಬದಲಿಸಿದರೆ, ಯಾರಿಗೂ ನೋಟಿಸ್ ಕೊಡದೆ ಅರ್ಧ ಕೆಲಸ ಮುಗಿಯುತ್ತದೆ.

ಚಾಲಕನ ಜೊತೆ ಕೂತು ಮಾತಾಡುವಾಗ ಅವನ ಹೆಸರು ಎಷ್ಟನೇ ಸ್ಥಾನದಲ್ಲಿದೆ ಎಂದು ಹೇಳಬೇಡಿ, ಅವನದೇ ಟ್ರಿಪ್‌ನ ಗ್ರಾಫ್ ತೋರಿಸಿ. "ಇಲ್ಲಿ ಏನಾಗಿತ್ತು?" ಎಂದು ಕೇಳಿ ಸುಮ್ಮನಿರಿ. ಇಳಿಜಾರು, ನಿದ್ದೆಗೆಟ್ಟ ರಾತ್ರಿ, ಪದೇ ಪದೇ ಬರುತ್ತಿದ್ದ ಆಫೀಸಿನ ಫೋನ್, ಇವು ಯಾವುವೂ ಡ್ಯಾಶ್‌ಬೋರ್ಡ್‌ನಲ್ಲಿ ಇರುವುದಿಲ್ಲ. ಮಿತಿ ಮೀರಿದ ಕೂಡಲೇ ಸದ್ದು ಮಾಡುವ ಬಜರ್ ಕ್ಯಾಬಿನ್‌ನೊಳಗೆ ಇದ್ದರೆ ಇನ್ನೂ ಒಳ್ಳೆಯದು. ಚಾಲಕ ಆ ಕ್ಷಣದಲ್ಲೇ ಕಾಲು ಸಡಿಲಿಸುತ್ತಾನೆ. ಮ್ಯಾನೇಜರ್ ಮೊಬೈಲ್‌ಗೆ ಹೋಗುವ ಅಲರ್ಟ್ ಆ ಗಾಡಿಯ ವೇಗ ಇಳಿಸುವುದಿಲ್ಲ.

ತಿಂಗಳಿಂದ ತಿಂಗಳಿಗೆ ಹೋಲಿಸಲು ಘಟನೆಗಳ ಎಣಿಕೆಗಿಂತ, ಓಡಿದ ಒಟ್ಟು ದೂರದಲ್ಲಿ ಶೇಕಡಾ ಎಷ್ಟು ಮಿತಿ ಮೀರಿದ ವೇಗದಲ್ಲಿತ್ತು ಎಂಬ ಅಂಕಿ ವಾಸಿ. ವೇಗ ಒಂದು ಕ್ಷಣ ಮಿತಿಯ ಕೆಳಗಿಳಿದರೆ ಕೆಲವು ಸಾಫ್ಟ್‌ವೇರ್‌ಗಳು ಒಂದೇ ಘಟನೆಯನ್ನು ಎರಡಾಗಿ ಎಣಿಸುತ್ತವೆ. ಘಟನೆ ಎನ್ನಲು ಎಷ್ಟು ಸೆಕೆಂಡ್ ಬೇಕು ಎಂಬ ಸೆಟ್ಟಿಂಗನ್ನು 10ರಿಂದ 20ಕ್ಕೆ ಏರಿಸಿದರೆ ಮಾರನೆಯ ದಿನವೇ ಎಣಿಕೆ ಇಳಿಯುತ್ತದೆ, ರಸ್ತೆಯ ಮೇಲೆ ಏನೂ ಬದಲಾಗಿರುವುದಿಲ್ಲ. ಸೆಟ್ಟಿಂಗ್ ಬದಲಿಸಿದ ದಿನಾಂಕವನ್ನು ವರದಿಯ ತಲೆಯಲ್ಲೇ ನಮೂದಿಸಿ, ಅದರ ಹಿಂದಿನ ತಿಂಗಳುಗಳನ್ನು ಹೊಸ ಸೆಟ್ಟಿಂಗ್‌ನಲ್ಲೇ ಮತ್ತೆ ಲೆಕ್ಕ ಹಾಕಿಸಿ.