ಪದ ಪರಿಚಯ: ನಡೆ

ಚದುರಂಗದಲ್ಲಿ ಕುದುರೆಯನ್ನೆತ್ತಿ ಇನ್ನೊಂದು ಮನೆಯಲ್ಲಿ ಇಟ್ಟರೆ ಅದು ಒಂದು ನಡೆ. ಒಬ್ಬರ ವರ್ತನೆಯನ್ನು ಕುರಿತು ‘ಅವರ ನಡೆ ಸರಿಯಿಲ್ಲ’ ಎನ್ನುವಾಗಲೂ ನಾವು ಬಳಸುವುದು ಇದೇ ಪದವನ್ನು. ಮಣೆಯಾಟಗಳಿಗೆ ಮೊದಲನೆಯ ಅರ್ಥವೊಂದೇ ಸಾಕು. ಆದರೆ ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಬೆಳೆಸುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಬೇಕಾಗುತ್ತವೆ. ಇಲ್ಲಿ ‘ಮೂವ್’ ಎನ್ನುವುದಕ್ಕಿಂತ ‘ನಡೆ’ ಎನ್ನುವುದೇ ಸರಿ ಎಂದು ನಾನು ನಂಬಿರುವುದು ಆ ಕಾರಣಕ್ಕೆ.

ಆಟದಲ್ಲಿ ಯಾರಿಗೆ ಯಾವ ನಡೆ ಒಳ್ಳೆಯದು ಎಂದು ಲೆಕ್ಕಹಾಕುವ ಗಣಿತದ ಶಾಖೆಯಾದ ಗೇಮ್ ಥಿಯರಿಗೆ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರ ಒಂದು ಪ್ರಬಂಧದಲ್ಲಿ ಭದ್ರವಾದ ತಳಹದಿ ಹಾಕಿದರು. 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಂದಿಗೆ ಅದನ್ನೇ ದೊಡ್ಡ ಗ್ರಂಥವಾಗಿ ವಿಸ್ತರಿಸಿದರು. ಆಡುವವರು ಯಾರು, ಅವರವರಿಗೆ ಇರುವ ನಡೆಗಳು ಯಾವುವು, ಕೊನೆಗೆ ಯಾರಿಗೆ ಎಷ್ಟು ಸಿಗುತ್ತದೆ ಎಂಬುದು ಗೊತ್ತಿದ್ದರೆ ಲೆಕ್ಕ ಶುರುವಾಗುತ್ತದೆ. ಚದುರಂಗದಲ್ಲಿ ಬಿಳಿಯ ಮೊದಲ ನಡೆಗೆ ಇರುವ ಆಯ್ಕೆಗಳು ಇಪ್ಪತ್ತೇ: ಎಂಟು ಪದಾತಿಗಳಿಗೆ ಎರಡೆರಡು, ಎರಡು ಕುದುರೆಗಳಿಗೆ ಎರಡೆರಡು. ಚೌಕಾಬಾರದಲ್ಲಾದರೆ ಗರ ಬಿದ್ದ ಮೇಲೆ ಯಾವ ಕಾಯಿ ನಡೆಸುವುದು ಎಂಬುದಷ್ಟೇ ಪ್ರಶ್ನೆ, ಮತ್ತು ಕಾಯಿ ಹಣ್ಣಾಗುವುದೇ ಗುರಿ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದ ಮೊದಲಾದ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಹೀಗೆ ಮೊದಲೇ ಗೊತ್ತಿರುವ ನಡೆಗಳ ಪಟ್ಟಿಯೇ ಇಲ್ಲ. ಕಳೆದ ಮಳೆಗಾಲದ ಒಂದು ಭಾನುವಾರ ಮುಂಬಯಿ ಬಳಿಯ ಡೊಂಬಿವಲಿಯ ಸ್ನೇಹಿತರ ಮನೆಯಲ್ಲಿ ಅವರ ಮಗಳು ಮತ್ತು ಆಕೆಯ ಮೂವರು ಗೆಳೆಯರು ಇಂಥದೊಂದು ಆಟ ಆಡುವುದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಕಥೆ ಕೋಟೆಯ ಬಾಗಿಲಿಗೆ ಬಂದು ನಿಂತಿತ್ತು. ಕಾವಲುಗಾರನ ಮೇಲೆ ಬೀಳಬೇಕೋ, ಲಂಚ ಕೊಡಬೇಕೋ ಎಂದು ಉಳಿದವರು ಚರ್ಚಿಸುತ್ತಿರುವಾಗ ಆಕೆ, “ನಾನು ಕತ್ತಿ ತೆಗೆಯಲ್ಲ. ‘ಅಣ್ಣಾ, ನಿಮ್ಮದು ಯಾವೂರು?’ ಅಂತ ಕೇಳ್ತೀನಿ” ಎಂದಳು. ನಿಯಮಪುಸ್ತಕದಲ್ಲಿ ಇಂಥ ಪ್ರಶ್ನೆಗೆಂದು ಪ್ರತ್ಯೇಕ ಸಾಲಿರಲಿಲ್ಲ. ಆಟ ನಡೆಸಿಕೊಡುತ್ತಿದ್ದ ಗೇಮ್ ಮಾಸ್ಟರ್ ಹುಡುಗ ತುಸು ಯೋಚಿಸಿ, ಇಪ್ಪತ್ತು ಮುಖದ ದಾಳದಲ್ಲಿ ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಕಾವಲುಗಾರ ಮಾತಿಗೆ ಸಿಗುತ್ತಾನೆ ಎಂದ. ಅಂದರೆ ಇಪ್ಪತ್ತರಲ್ಲಿ ಆರು ಮುಖ, ಶೇಕಡಾ 30ರ ಅವಕಾಶ. ಮಣೆಯಾಟದಲ್ಲಿ ನಿಯಮ ಮೊದಲು, ನಡೆ ಆಮೇಲೆ. ಇಲ್ಲಿ ನಡೆ ಮೊದಲು ಬಂದು, ಅದನ್ನು ಅಳೆಯುವ ಅಳತೆ ಅದರ ಹಿಂದೆ ಬಂತು.

ಮಾತು ಮಣೆಯಾಟಗಳಲ್ಲೂ ಇದೆ ಎಂದು ಆಕ್ಷೇಪಿಸಬಹುದು. 1959ರಲ್ಲಿ ಅಲನ್ ಕ್ಯಾಲ್ಹಮರ್ ಪ್ರಕಟಿಸಿದ ಡಿಪ್ಲೊಮಸಿಯಲ್ಲಿ ಆಟಗಾರರು ಬಹು ಹೊತ್ತು ಸಂಧಾನ ನಡೆಸುತ್ತಾರೆ, ಮಾತು ಕೊಡುತ್ತಾರೆ. ಆದರೆ ಲೆಕ್ಕಕ್ಕೆ ಬರುವುದು ಚೀಟಿಯಲ್ಲಿ ಬರೆದುಕೊಟ್ಟ ಆದೇಶವೇ ಹೊರತು ಕೊಟ್ಟ ಮಾತಲ್ಲ. ಅಲ್ಲಿ ನುಡಿ ಬೇರೆ, ನಡೆ ಬೇರೆ. ರೋಲ್‌ಪ್ಲೇಯಿಂಗ್‌ನಲ್ಲಿ ನುಡಿದದ್ದೇ ನಡೆ.

ಮುಂಬಯಿ ಕನ್ನಡಿಗರಿಗೆ ಇದನ್ನು ಅರ್ಥಮಾಡಿಸಲು ತಾಳಮದ್ದಳೆಗಿಂತ ಹತ್ತಿರದ ಉದಾಹರಣೆ ನನಗೆ ತೋಚುತ್ತಿಲ್ಲ. ಮಳೆಗಾಲದಲ್ಲಿ ಊರಿನಿಂದ ಬರುವ ಕಲಾವಿದರು ಇಲ್ಲಿನ ಸಭಾಗೃಹಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕುಳಿತು ವಾಲಿವಧೆಯನ್ನು ಮಾತಿನಲ್ಲೇ ಕಟ್ಟುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿಯ ಅರ್ಥಧಾರಿ ಹೊಸದೊಂದು ತರ್ಕ ಎತ್ತಿದರೆ ರಾಮನ ಅರ್ಥಧಾರಿ ಕುಳಿತಲ್ಲೇ ಉತ್ತರ ಹುಡುಕಬೇಕು, ಆ ಉತ್ತರ ರಾಮನಿಗೆ ಒಪ್ಪುವಂತೆಯೂ ಇರಬೇಕು. ಜಾಣತನದ ವಾದವಾದರೂ ಪಾತ್ರಕ್ಕೆ ಒಗ್ಗದಿದ್ದರೆ ಸಭೆ ಒಪ್ಪುವುದಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ವಾಲಿಯ ಸಾವನ್ನು ಪ್ರಸಂಗ ಮೊದಲೇ ನಿಶ್ಚಯಿಸಿದೆ, ಡೊಂಬಿವಲಿಯ ಆ ಮೇಜಿನ ಮೇಲೆ ಕೊನೆ ಯಾವುದೆಂದು ಗೇಮ್ ಮಾಸ್ಟರ್‌ಗೂ ತಿಳಿದಿರಲಿಲ್ಲ.

ಹಾಗಾದರೆ ಆಟದ ವಿನ್ಯಾಸಕ ಮಾಡುವ ಕೆಲಸವೇನು? ವಿನ್ಸೆಂಟ್ ಬೇಕರ್ ಅವರ 2010ರ ಅಪಾಕಲಿಪ್ಸ್ ವರ್ಲ್ಡ್ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಆ ಆಟದಲ್ಲಿ ‘ನಡೆ’ ಎಂಬುದು ಆಡುವವರು ಏನು ಮಾಡಬಹುದು ಎಂಬುದರ ಪಟ್ಟಿಯಲ್ಲ. ಪಾತ್ರ ಇಂಥದ್ದನ್ನು ಮಾಡಿದಾಗ ದಾಳ ಉರುಳಬೇಕು ಎಂಬ ಗೊತ್ತುಪಾಡು. ಆರು ಮುಖದ ಎರಡು ದಾಳಗಳ ಮೊತ್ತ ಹತ್ತು ಅಥವಾ ಹೆಚ್ಚಾದರೆ ಕೆಲಸ ಪೂರ್ತಿ ಕೈಗೂಡುತ್ತದೆ, ಏಳರಿಂದ ಒಂಬತ್ತಾದರೆ ಕೈಗೂಡಿದರೂ ಏನಾದರೊಂದು ಬೆಲೆ ತೆರಬೇಕಾಗುತ್ತದೆ, ಆರು ಅಥವಾ ಕಡಿಮೆಯಾದರೆ ಆಪತ್ತು ಕಾದಿರುತ್ತದೆ. ಪಾತ್ರದ ಸಾಮರ್ಥ್ಯಕ್ಕೆ ತಕ್ಕಂತೆ ಮೊತ್ತಕ್ಕೆ ಕೂಡಿಸುವ ಅಂಕವನ್ನು ಬಿಟ್ಟು ನೋಡಿದರೆ, 36 ಸಾಧ್ಯತೆಗಳಲ್ಲಿ ಪೂರ್ಣ ಗೆಲುವಿಗೆ 6, ಅರೆಗೆಲುವಿಗೆ 15, ಆಪತ್ತಿಗೆ 15. ಬೆಲೆ ತೆರುವ ಈ ಅರೆಗೆಲುವೇ ಕಥೆಯನ್ನು ಮುಂದಕ್ಕೆ ತಳ್ಳುವುದರಿಂದ, ಅದಕ್ಕೆ ಇಷ್ಟು ದೊಡ್ಡ ಪಾಲು ಕೊಟ್ಟಿರುವುದು ನನ್ನ ದೃಷ್ಟಿಯಲ್ಲಿ ಗಣಿತವನ್ನು ಕಥೆಯ ಸೇವೆಗೆ ಹಚ್ಚಿದ ಅತ್ಯಂತ ಚೊಕ್ಕ ಕೆಲಸಗಳಲ್ಲೊಂದು.

ಡೊಂಬಿವಲಿಯ ಆ ಹುಡುಗಿಗೆ ಬಿದ್ದದ್ದು ನಾಲ್ಕು. ಕಾವಲುಗಾರ ಮುಖ ತಿರುಗಿಸಿದ. ತಂಡ ಚರಂಡಿಯ ದಾರಿ ಹಿಡಿದು ಒಳಹೊಕ್ಕಿತು. ಎರಡು ಗಂಟೆಯ ನಂತರ ಗಾಯಗೊಂಡು ಅದೇ ಬಾಗಿಲಿಗೆ ಮರಳಿದಾಗ ಗೇಮ್ ಮಾಸ್ಟರ್ ದಾಳ ಕೇಳಲಿಲ್ಲ. ಕಾವಲುಗಾರನ ದನಿಯಲ್ಲಿ, “ಆಗ ಊರು ಕೇಳಿದ್ದು ನೀನೇ ಅಲ್ವಾ ತಂಗಿ?” ಎಂದು ಬಾಗಿಲು ತೆಗೆದ.