ಎಂ.ಆರ್.ಐ.ಯ ಬಿಳಿ ಮಚ್ಚೆ ಯಾವ ಲಕ್ವದ ಸುಳಿವು?

“ಡಾಕ್ಟ್ರೇ, ಅಪ್ಪನಿಗೆ ಲಕ್ವ ಹೊಡೆದೇ ಇಲ್ಲ. ಮೆದುಳಲ್ಲಿ ಬಿಳಿ ಮಚ್ಚೆ ಇದೆ ಅಂತ ರಿಪೋರ್ಟ್ ಬಂದಿದೆಯಲ್ಲ?” ತಲೆಸುತ್ತಿಗೋ ಮರೆವಿಗೋ ಸ್ಕ್ಯಾನ್ ಮಾಡಿಸಿದವರ ಮಕ್ಕಳು ನನ್ನನ್ನು ಪದೇಪದೇ ಕೇಳುವ ಪ್ರಶ್ನೆಯಿದು.

60 ದಾಟಿದವರಲ್ಲಿ ನಾಲ್ಕಾರು ಮಚ್ಚೆ ಸಾಮಾನ್ಯ. ಮಚ್ಚೆ ಎಷ್ಟಿದೆಯೆಂದು ಹೇಳಲು 1987ರಿಂದ ಬಳಕೆಯಲ್ಲಿರುವ ಫಜೆಕಾಸ್ ಅಳತೆಯಲ್ಲಿ 0ಯಿಂದ 3ರವರೆಗೆ ಅಂಕವಿದೆ. ಮಚ್ಚೆಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದರೆ 2, ಪೂರ್ತಿ ಬೆರೆತು ಅಗಲವಾಗಿ ಹರಡಿದ್ದರೆ 3. ಆಗ ನಾನು ಸುಮ್ಮನಿರುವುದಿಲ್ಲ.

ಮೆದುಳಿನ ಆಳದ ಬಿಳಿ ಭಾಗವೆಂದರೆ ನರತಂತುಗಳ ಕಟ್ಟು. ಅದಕ್ಕೆ ರಕ್ತ ಒದಗಿಸುವುದು ಕೂದಲೆಳೆಯಂಥ ಉದ್ದನೆಯ ನಾಳಗಳು. ನಾಲೆಯ ಕೊನೆಯ ಗದ್ದೆಯ ಪಾಡೇ ಅದರದು: ಹರಿವು ತುಸು ತಗ್ಗಿದರೂ ಮೊದಲು ಒಣಗುವುದು ಅದೇ, ಪಕ್ಕದಿಂದ ನೀರು ತಿರುಗಿಸಲು ಬೇರೆ ಕಾಲುವೆಯಿಲ್ಲ. ವರ್ಷಗಟ್ಟಲೆ ಏರಿದ ಬಿ.ಪಿ. ಆ ನಾಳಗಳ ಗೋಡೆಯನ್ನು ದಪ್ಪವಾಗಿಸಿ, ಗಡುಸಾಗಿಸುತ್ತದೆ. ಹೀಗೆ ರಕ್ತ ಸಾಲದೆ ಸೊರಗಿದ ಜಾಗವೇ ಸ್ಕ್ಯಾನಿನಲ್ಲಿ ಬಿಳಿ ಮಚ್ಚೆಯಾಗಿ ಕಾಣುವುದು. ಅಂಥದ್ದೊಂದು ನಾಳ ಮುಚ್ಚಿಹೋದರೆ ಆಳದಲ್ಲಿ ಒಂದೂವರೆ ಸೆಂಟಿಮೀಟರಿಗೂ ಚಿಕ್ಕದಾದ ಗಾಯ, ಅಂದರೆ ಲ್ಯಾಕುನಾರ್ ಸ್ಟ್ರೋಕ್. ಅದೇ ನಾಳ ಒಡೆದರೆ ಆಳದ ರಕ್ತಸ್ರಾವ. ಎರಡಕ್ಕೂ ಬೇರು ಒಂದೇ. ಬಿಳಿ ಮಚ್ಚೆಯ ನಂಟು ಹೆಚ್ಚು ಗಟ್ಟಿಯಾಗಿರುವುದೂ ಇವೆರಡರ ಜೊತೆಗೇ.

ಹೃದಯದಿಂದ ಹೆಪ್ಪು ಹೋಗಿ ದೊಡ್ಡ ನಾಳವನ್ನು ಕಟ್ಟುವ ಲಕ್ವದ ಕಥೆ ಬೇರೆ. ಅಲ್ಲಿ ಮಚ್ಚೆ ಇರಲೂಬಹುದು, ಇಲ್ಲದಿರಲೂಬಹುದು. ಹಾಗಾಗಿ ಲಕ್ವವಾದವರ ಸ್ಕ್ಯಾನಿನಲ್ಲಿ ಮಚ್ಚೆ ಕಂಡಿತೆಂದು ಕಾರಣ ಸಿಕ್ಕಿಬಿಟ್ಟಿತೆಂದುಕೊಳ್ಳಬಾರದು, ಇ.ಸಿ.ಜಿ., ಕುತ್ತಿಗೆಯ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಆಗಲೇಬೇಕು.

ಮಚ್ಚೆ ಎಲ್ಲಿದೆ ಎಂಬುದೂ ಮಾತಾಡುತ್ತದೆ. ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಕೂಡಿಕೊಳ್ಳುವ ವೃದ್ಧರಲ್ಲಿ ಮೆದುಳಿನ ಹೊರಪದರದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕಾಣಬಹುದು. ಇಂಥವರಲ್ಲಿ ರಕ್ತಸ್ರಾವವಾಗುವುದು ಆಳದಲ್ಲಲ್ಲ, ಮೇಲ್ಭಾಗದಲ್ಲಿ, ಮತ್ತೆ ಮತ್ತೆ. ರಿಪೋರ್ಟಿನಲ್ಲಿ ‘ಇಸ್ಕೀಮಿಕ್’ (ರಕ್ತ ಸಾಲದೆ ಆದದ್ದು) ಎಂಬ ಪದ ಓದಿ ತಾವಾಗಿಯೇ ಅಂಗಡಿಯಿಂದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ತಂದು ನುಂಗಿಸುವ ಮನೆಗಳಿವೆ. ನನಗೆ ನಿಜಕ್ಕೂ ಭಯವಾಗುವುದು ಇಲ್ಲಿ.

ಮಾತ್ರೆಗಿಂತ ಮೊದಲು ಬಿ.ಪಿ. ನೋಡಿ. 2019ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಅಧ್ಯಯನದ ಮೆದುಳಿನ ಸ್ಕ್ಯಾನ್‌ಗಳಲ್ಲಿ, ಮೇಲಿನ ಬಿ.ಪಿ.ಯನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯಿದ್ದವರಲ್ಲಿ ಮಚ್ಚೆ ಬೆಳೆದದ್ದು ಕಡಿಮೆ. ಸಕ್ಕರೆ ಕಾಯಿಲೆಯವರೂ ಮೊದಲೇ ಲಕ್ವವಾದವರೂ ಅದರಲ್ಲಿ ಇರಲಿಲ್ಲ. ಎದ್ದು ನಿಂತರೆ ತಲೆಸುತ್ತುವ ಅಜ್ಜನಿಗೆ 120 ಹೊಂದದಿರಬಹುದು. ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಅವರವರನ್ನು ನೋಡಿಯೇ ಹೇಳಬೇಕು. “ಬಿ.ಪಿ. ನಾರ್ಮಲ್ ಆಯ್ತು” ಎಂದು ಮಾತ್ರೆ ಬಿಟ್ಟವರಿಗೆ ನಾನು ಪ್ರತಿಸಲ ಹೇಳುವುದಿಷ್ಟು: ನಾರ್ಮಲ್ ಆಗಿದ್ದೇ ಆ ಮಾತ್ರೆಯಿಂದ.