ರಕ್ತದ ಪ್ರೊಟೀನ್ ನಾರ್ಮಲ್, ತೊಡೆ ಮಾತ್ರ ಯಾಕೆ ಸಣ್ಣ?

ಪೆರ್ಲದ ಕಡೆಯವರೊಬ್ಬರು ಕಳೆದ ತಿಂಗಳು ನಮ್ಮ ಲ್ಯಾಬಿನದ್ದೇ ರಿಪೋರ್ಟು ಹಿಡಿದುಕೊಂಡು ವಾಪಸು ಬಂದರು. "ಅಣ್ಣಾ, ಪ್ರೊಟೀನ್ 7.1, ನಾರ್ಮಲ್ ಅಂತ ಉಂಟು. ಮತ್ತೆ ಅಪ್ಪನ ತೊಡೆ ಯಾಕೆ ಇಷ್ಟು ಸಣ್ಣ ಆದದ್ದು?" ಅಂಗಳದಲ್ಲಿ ಅಡಿಕೆ ಹರಡುವಾಗ ಜಾರಿಬಿದ್ದು ಸೊಂಟ ಮುರಿದುಕೊಂಡ ಅವರ ತಂದೆ ಆರು ವಾರ ಹಾಸಿಗೆ ಹಿಡಿದಿದ್ದರು.

ರಿಪೋರ್ಟು ತಪ್ಪಿರಲಿಲ್ಲ. ಆದರೆ ಅದು ಹೇಳುವುದು ರಕ್ತದಲ್ಲಿರುವ ಆಲ್ಬುಮಿನ್, ಗ್ಲೋಬುಲಿನ್ ಎಂಬ ಪ್ರೊಟೀನುಗಳ ಲೆಕ್ಕ. ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ತೊಡೆಯ ಸ್ನಾಯುವಿನ ಪ್ರೊಟೀನುಗಳಾದ ಆಕ್ಟಿನ್, ಮಯೋಸಿನ್‌ಗಳ ಸುದ್ದಿ ಆ ಸಂಖ್ಯೆಯಲ್ಲಿಲ್ಲ. ಹಾಗಾದರೆ ಸ್ನಾಯುವಿನದ್ದನ್ನು ಅಳೆಯುವುದು ಹೇಗೆ? ಊರಿಗೆ ಬಂದು ಈ ಲ್ಯಾಬು ಹಾಕುವ ಮೊದಲು ಕೆಲವು ವರ್ಷ ನಾನು ಮಾಡುತ್ತಿದ್ದದ್ದು ಅದೇ ಕೆಲಸ.

ನಮ್ಮ ಗುಡ್ಡದ ಸುರಂಗದಿಂದ ಟ್ಯಾಂಕಿಗೆ ನೀರು ಬೀಳುತ್ತದೆ, ಟ್ಯಾಂಕಿಯಿಂದ ತೋಟಕ್ಕೆ ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಮಟ್ಟ ನಿನ್ನೆಯಷ್ಟೇ. ಅದರ ಅರ್ಥ ನೀರು ನಿಂತಿದೆ ಎಂದಲ್ಲ, ಬಂದಷ್ಟೇ ಹೋಗಿದೆ. ಸ್ನಾಯುವಿನ ಪ್ರೊಟೀನೂ ದಿನಕ್ಕೆ ಸುಮಾರು ಶೇಕಡಾ 1ರಿಂದ 2ರಷ್ಟು ಕಳಚಿ ಹೊಸದಾಗುತ್ತಲೇ ಇರುತ್ತದೆ. ಇದನ್ನು ಮೊದಲು ಕಾಣಿಸಿದವರಲ್ಲಿ ಮುಖ್ಯ ಜೀವರಸಾಯನ ವಿಜ್ಞಾನಿ ರುಡಾಲ್ಫ್ ಶೋನ್‌ಹೈಮರ್. 1930ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಅವರು ಗುರುತಿಗೆಂದು ಭಾರ ನೈಟ್ರೋಜನ್ ಸೇರಿಸಿದ ಅಮೈನೋ ಆಮ್ಲವನ್ನು, ಅಂದರೆ ಪ್ರೊಟೀನಿನ ಇಟ್ಟಿಗೆಯನ್ನು, ಬೆಳೆದ ಇಲಿಗಳಿಗೆ ತಿನ್ನಿಸಿದರು. ತಿಂದದ್ದರಲ್ಲಿ ಹೆಚ್ಚಿನದು ಮೂತ್ರದಲ್ಲಿ ಹೊರಹೋಗದೆ ದೇಹದ ಪ್ರೊಟೀನಿನೊಳಗೆ ಸೇರಿಕೊಂಡಿತ್ತು. ಬೆಳವಣಿಗೆ ನಿಂತ ದೇಹದಲ್ಲಿ ಕಟ್ಟುವ ಕೆಲಸ ನಿಂತಿರಲಿಲ್ಲ.

ತೊಡೆ ಸಣ್ಣದಾಯಿತೆಂದರೆ ಒರತೆ ಬತ್ತಿತೋ, ತೂಬು ಜಾಸ್ತಿ ತೆರೆಯಿತೋ? ಅಂದರೆ ಕಟ್ಟುವುದು ಕಡಿಮೆಯಾಯಿತೋ, ಒಡೆಯುವುದು ಹೆಚ್ಚಿತೋ? ಎರಡನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು. ನಾವು ಬಳಸುತ್ತಿದ್ದದ್ದು ಸಿ2ಸಿ12 ಎಂಬ ಇಲಿಯ ಸ್ನಾಯುಕೋಶಗಳು. ಪೋಷಕಾಂಶ ಕಡಿಮೆ ಮಾಡಿದರೆ ಅವು ಒಂದಕ್ಕೊಂದು ಕೂಡಿಕೊಂಡು ಐದಾರು ದಿನದಲ್ಲಿ ಉದ್ದ ನಳಿಕೆಗಳಾಗುತ್ತವೆ. ಕಟ್ಟುವ ವೇಗ ನೋಡಲು ಪ್ಯೂರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕುತ್ತೇವೆ, ಬಹಳ ಸ್ವಲ್ಪ, ಅರ್ಧ ಗಂಟೆ ಮಾತ್ರ. ಅದು ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎಯ ತುದಿಯ ವೇಷ ಹಾಕಿ, ಹೆಣೆಯುತ್ತಿರುವ ಸರಪಳಿಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿತೆಂದು ಪ್ರತಿಕಾಯದಿಂದ ಪತ್ತೆ ಮಾಡಬಹುದು. ಹೆಚ್ಚು ಅಂಟಿದರೆ ಹೆಣಿಗೆ ಜೋರಾಗಿದೆ ಎಂದರ್ಥ. ವಿಕಿರಣದ ಗೊಡವೆಯಿಲ್ಲ, ಒಳ್ಳೆಯ ಉಪಾಯ. ಆದರೆ ಇದು ಹೋಲಿಕೆಗೆ ಮಾತ್ರ, ಗಂಟೆಗೆ ಇಷ್ಟೇ ಕಟ್ಟಿತೆಂದು ಹೇಳದು. ಡೋಸು ಜಾಸ್ತಿಯಾದರೆ ಹೆಣಿಗೆಯೇ ನಿಲ್ಲುತ್ತದೆ. ಒಮ್ಮೆ ಹಾಗೆ ನನ್ನ ಒಂದು ವಾರದ ಕೆಲಸ ಸಿಂಕಿಗೆ ಹೋಗಿದೆ.

ಒಡೆಯುವುದನ್ನು ಅಳೆಯುವುದು ನಿಜವಾಗಿ ತಲೆನೋವು. ಒಂದೆರಡು ದಿನ ಕೋಶಗಳಿಗೆ ವಿಕಿರಣದ ಗುರುತುಳ್ಳ ಟೈರೋಸಿನ್ ಎಂಬ ಅಮೈನೋ ಆಮ್ಲ ಉಣ್ಣಿಸಿ, ಚೆನ್ನಾಗಿ ತೊಳೆದು, ಆಮೇಲೆ ಹೊರಗಿನ ದ್ರವಕ್ಕೆ ಎಷ್ಟು ಗುರುತು ಬಂತೆಂದು ಎಣಿಸುವುದು ಕ್ರಮ. ಟೈರೋಸಿನ್ ಯಾಕೆಂದರೆ ಸ್ನಾಯುಕೋಶ ಅದನ್ನು ತಾನಾಗಿ ತಯಾರಿಸುವುದೂ ಇಲ್ಲ, ಸುಟ್ಟು ಮುಗಿಸುವುದೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ತೋಟಕ್ಕೆ ಬಿಟ್ಟ ನೀರು ಇಂಗಿ ಮತ್ತೆ ಬಾವಿಗೇ ಬರುವ ಹಾಗೆ, ಒಡೆದ ಪ್ರೊಟೀನಿನ ಟೈರೋಸಿನನ್ನು ಕೋಶ ಮತ್ತೆ ಹೊಸ ಪ್ರೊಟೀನಿಗೇ ಬಳಸುತ್ತದೆ. ಆಗ ಒಡೆದದ್ದು ಕಡಿಮೆಯೆಂದು ಕಾಣುತ್ತದೆ. ಅದಕ್ಕೇ ಗುರುತಿಲ್ಲದ ಟೈರೋಸಿನನ್ನು ಧಾರಾಳ ಸುರಿಯುತ್ತೇವೆ, ಗುರುತಿನದ್ದಕ್ಕೆ ಒಳಗೆ ಜಾಗ ಸಿಗದ ಹಾಗೆ. ಮೊದಲೆರಡು ಗಂಟೆಯ ದ್ರವವನ್ನು ಚೆಲ್ಲಿಬಿಡುತ್ತೇವೆ, ಅದರಲ್ಲಿ ಬರುವುದು ಅಲ್ಪಾಯುಷಿ ಪ್ರೊಟೀನುಗಳದ್ದು.

ಯಾವ ದಾರಿಯಲ್ಲಿ ಒಡೆಯಿತು ಎಂದು ತಿಳಿಯಲು ಒಂದೊಂದೇ ದಾರಿ ಮುಚ್ಚಿ ನೋಡಬೇಕು. ಕೋಶದೊಳಗೆ ಪ್ರೊಟೀನ್ ಒಡೆಯುವ ಯಂತ್ರದಂತಿರುವ ಪ್ರೋಟಿಯಸೋಮ್ ತಡೆಯಲು ಎಂಜಿ132 ಎಂಬ ರಾಸಾಯನಿಕ, ಜೀರ್ಣಿಸುವ ಚೀಲದಂತಿರುವ ಲೈಸೊಸೋಮ್ ತಡೆಯಲು ಕ್ಲೋರೋಕ್ವಿನ್, ಹೌದು, ಅದೇ ಮಲೇರಿಯಾದ ಮಾತ್ರೆ. ಪ್ರೊಟೀನ್ ಒಡೆಯುವಿಕೆಗೆ ಸಂಬಂಧಿಸಿದ ಮರ್ಫ್1, ಅಟ್ರೋಜಿನ್1 ಎಂಬ ಜೀನುಗಳ ಚಟುವಟಿಕೆ ಏರಿದ್ದನ್ನಷ್ಟೇ ತೋರಿಸಿ "ಒಡೆಯುವಿಕೆ ಹೆಚ್ಚಿತು" ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ತೂಬಿನ ಹಲಗೆ ಎತ್ತಿದ್ದು ಕಂಡಿತು, ಹರಿದ ನೀರನ್ನು ಯಾರೂ ಅಳೆಯಲಿಲ್ಲ.

ಮನುಷ್ಯರಲ್ಲಾದರೆ ಗುರುತಿನ ಅಮೈನೋ ಆಮ್ಲವನ್ನು ರಕ್ತನಾಳಕ್ಕೆ ಕೊಟ್ಟು ತೊಡೆಯಿಂದ ಸೂಜಿಯಲ್ಲಿ ಚೂರು ತೆಗೆಯುತ್ತಾರೆ. ಸಂಶೋಧನೆಗೆ ಸರಿ, ಪೆರ್ಲದ ಅಜ್ಜನಿಗಲ್ಲ. ಮೂತ್ರದಲ್ಲಿ 3-ಮೀಥೈಲ್‌ಹಿಸ್ಟಿಡಿನ್ ಅಳೆಯಬಹುದು. ಅದು ಆಕ್ಟಿನ್, ಮಯೋಸಿನ್ ಒಡೆದಾಗ ಹೊರಬರುತ್ತದೆ, ಮರುಬಳಕೆಯಾಗುವುದಿಲ್ಲ. ಆದರೆ ಮಾಂಸ, ಮೀನು ತಿಂದವರಲ್ಲಿ ಆ ಊಟದಿಂದ ಬಂದದ್ದೂ ಸೇರಿಕೊಳ್ಳುತ್ತದೆ. ಕುಂಬಳೆ ಪೇಟೆಯಲ್ಲಿ ಮೂರು ದಿನ ಮೀನು ಬಿಡಿ ಎಂದು ಹೇಳಿ ನೋಡಿ!

ಗಾಯ, ಸೋಂಕು, ಕ್ಯಾನ್ಸರ್ ಇದ್ದಾಗ ಒಡೆಯುವಿಕೆ ಜೋರಾಗುತ್ತದೆ. ಸುಮ್ಮನೆ ಮಲಗಿದ್ದರೆ ಮುಖ್ಯವಾಗಿ ಕುಂದುವುದು ಕಟ್ಟುವ ಕೆಲಸ. ಪ್ರಾಯವಾದವರಲ್ಲಿ ಅದೇ ಊಟಕ್ಕೆ ಸ್ನಾಯು ಎಳೆಯರಷ್ಟು ಸ್ಪಂದಿಸುವುದೂ ಇಲ್ಲ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರು ಕೇಳಿದರು, "ಹಾಗಾದ್ರೆ ನಾನು ಯಾವ ಟೆಸ್ಟ್ ಮಾಡಿಸುವುದು?"

ಮೇಜಿನ ಡ್ರಾಯರಿನಿಂದ ಟೈಲರ್ ಟೇಪು ತೆಗೆದು ಕೊಟ್ಟೆ. ಮೊಣಕಾಲ ಚಿಪ್ಪಿನಿಂದ ಒಂದು ಗೇಣು ಮೇಲೆ, ಎರಡೂ ತೊಡೆ, ಎರಡು ವಾರಕ್ಕೊಮ್ಮೆ, ಅದೇ ಜಾಗದಲ್ಲಿ. ಡಾಕ್ಟರು ಒಪ್ಪಿದ ಮೇಲೆ, ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆಂದೂ ಬರೆದಿಡಿ ಎಂದೆ. ಟೇಪಿಗೆ ದುಡ್ಡು ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ.